ಸೊಸೈಟಿ ನಿರ್ದೇಶಕರ ಫೋಟೋ: ಕನ್ನಡಕದಲ್ಲಿ ಹೊಳಪು, ಮುಖ ಬಿಗಿ. ಏನು ಮಾಡಲಿ?

ಶಿರಸಿ ಸ್ಟುಡಿಯೋ
ಹನ್ನೆರಡು ವರ್ಷದಿಂದ ಶಿರಸಿಯಲ್ಲಿ ಮದುವೆ, ಉಪನಯನದ ಫೋಟೋ ತೆಗೆಯುತ್ತಿದ್ದೇನೆ. ಈ ಸಲ ಒಂದು ಅಡಿಕೆ ಸೊಸೈಟಿಯವರು ವಾರ್ಷಿಕ ವರದಿಗೆ ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಾಹಕರು, ನಿರ್ದೇಶಕರು ಸೇರಿ 14 ಜನರ ಫೋಟೋ ಕೇಳಿದ್ದಾರೆ. ಮೂವರದ್ದು ತೆಗೆದೆ. ಆಫೀಸ್ ಕೋಣೆ, ಕ್ಯಾಮರಾ ಮೇಲಿನ ಫ್ಲ್ಯಾಶ್ ನೇರ ಮುಖಕ್ಕೆ. ಕನ್ನಡಕದಲ್ಲಿ ಬಿಳಿ ಹೊಳಪು. ಬಿಳಿ ಅಂಗಿ ಬಿಳಿ ಗೋಡೆಯಲ್ಲಿ ಕರಗಿಹೋಗಿದೆ. ಅಧ್ಯಕ್ಷರು ಅಡಿಕೆ ಮಾರಾಟದ ಟೆಂಡರ್ ಹೊತ್ತಿಗೆ ರೈತರ ಜೊತೆ ಮಾತಾಡುವಾಗ ಎಷ್ಟು ಚೆಂದ ಕಾಣುತ್ತಾರೆ! ನನ್ನ ಫೋಟೋದಲ್ಲಿ ಬೇರೆ ಯಾರೋ ಕೂತ ಹಾಗಿದೆ. ಇದಕ್ಕೆ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುತ್ತಿಲ್ಲ.
50 ಮತ್ತು 85 ಎಂಎಂ ಲೆನ್ಸ್, ಫುಲ್ ಫ್ರೇಮ್ ಕ್ಯಾಮರಾ, ಒಂದು ಫ್ಲ್ಯಾಶ್, ಅದರ ಬೆಳಕು ಮೆತ್ತಗೆ ಮಾಡುವ ಒಂದು ಅಂಬ್ರೆಲಾ ಇದೆ. ಹೊರಗೆ ಮಳೆ ಬಿಟ್ಟಿಲ್ಲ. ದಾರಿ ಹೇಳಿ.

ಕೋಡಿಬಾಗದವ
ಅಣ್ಣಾ, ಕೋಣೆ ಬಿಡಿ, ಜಗಲಿಗೆ ಬನ್ನಿ. ನಿಮ್ಮ ಕಡೆಯ ಹಂಚಿನ ಮನೆ ಜಗಲಿಗಿಂತ ಒಳ್ಳೆ ಸ್ಟುಡಿಯೋ ಇಲ್ಲ. ಮೇಲಿನ ಬೆಳಕನ್ನು ಹಂಚಿನ ಮಾಡು ತಡೆಯುತ್ತದೆ, ಅಂಗಳದ ಕಡೆಯಿಂದ ಮಾತ್ರ ಮೆತ್ತಗೆ ಬೀಳುತ್ತದೆ. ಮೋಡ ಇದ್ದರೆ ಇನ್ನೂ ಒಳ್ಳೆಯದು, ಮುಖದ ಮೇಲೆ ಗಡುಸು ನೆರಳು ಬರೋದಿಲ್ಲ. ಅಂಚಿನಿಂದ ಎರಡಡಿ ಒಳಗೆ, ಅಂಗಳಕ್ಕೆ ಓರೆಯಾಗಿ ಕೂರಿಸಿ. ನೆರಳಿನ ಕಡೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿಸಿ, ಬೆಳಕು ತಿರುಗಿ ಮುಖಕ್ಕೆ ಬೀಳುತ್ತದೆ. ಹಿಂದಿನ ಗೋಡೆ ಐದಾರು ಅಡಿ ದೂರ ಇದ್ದರೆ ತಾನಾಗೇ ಮಂಕಾಗುತ್ತದೆ, ಬಿಳಿ ಅಂಗಿ ಎದ್ದು ಕಾಣುತ್ತದೆ.
85 ಹಾಕಿ, ಏಳೆಂಟು ಅಡಿ ದೂರ ನಿಲ್ಲಿ. 50 ಹಾಕಿ ಹತ್ತಿರ ಹೋದರೆ ಮೂಗು ದೊಡ್ಡದು, ಕಿವಿ ಸಣ್ಣದು. ಅದು ಲೆನ್ಸಿನ ತಪ್ಪಲ್ಲ, ಹತ್ತಿರ ಹೋದ ತಪ್ಪು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 4 ಇರಲಿ. 1.8ರಷ್ಟು ಅಗಲ ತೆರೆದರೆ ಒಂದು ಕಣ್ಣು ಚುರುಕು, ಇನ್ನೊಂದು ಮಸುಕು.
ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಚೂರೇ ಚೂರು ಎತ್ತಿ. ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ. ಫ್ಲ್ಯಾಶ್ ಬೇಕೇ ಆದರೆ ಅಂಬ್ರೆಲಾ ಹಾಕಿ, ಪಕ್ಕಕ್ಕೆ, ತಲೆಗಿಂತ ಎತ್ತರಕ್ಕೆ ಇಡಿ.

ಕುಮಟಾ ಅಕ್ಕ
ಆಫೀಸಿನಲ್ಲೇ ಆಗಬೇಕು ಅಂದರೆ ಕಿಟಕಿ ಪಕ್ಕ ಕೂರಿಸಿ, ಟ್ಯೂಬ್ ಲೈಟ್ ಆರಿಸಿ. ಎರಡೂ ಸೇರಿದರೆ ಕೆನ್ನೆ ಹಸಿರಾಗುತ್ತದೆ. ಆರಿಸಲು ಬಿಡದಿದ್ದರೆ ಶಟರ್ ವೇಗ 1/100 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಜಾಸ್ತಿ ಮಾಡಿದರೆ ಫೋಟೋದಲ್ಲಿ ಪಟ್ಟೆ ಬರುತ್ತದೆ.
ಮತ್ತೆ, 'ಸ್ವಲ್ಪ ನಗಿ' ಅನ್ನಲೇಬೇಡಿ ತಮ್ಮಾ. ಹಾಗಂದರೆ ಎಂಥ ಮನುಷ್ಯನೂ ಬಿಗಿದುಕೊಳ್ಳುತ್ತಾನೆ. ಅಡಿಕೆಗೆ ಕೊಳೆ ರೋಗದ ಔಷಧಿ ಎರಡನೇ ಸಲ ಹೊಡೆದು ಆಯ್ತಾ ಅಂತ ಕೇಳಿ. ಅವರು ಹೇಳಿ ಮುಗಿಸಿ, ನಿಮ್ಮನ್ನು ನೋಡಿ ಸುಮ್ಮನಾಗುತ್ತಾರಲ್ಲ, ಆಗ ಒತ್ತಿ. ಅದೇ ಅವರ ನಿಜವಾದ ಮುಖ.

ಶಿರಸಿ ಸ್ಟುಡಿಯೋ
ಅಧ್ಯಕ್ಷರ ಮನೆಯಲ್ಲೇ ಒಳ್ಳೆ ಜಗಲಿ ಇದೆ! ಮೊದಲಿನ ಮೂವರನ್ನೂ ಮತ್ತೆ ಕರೆಯುತ್ತೇನೆ, ಅದಕ್ಕೆ ಬೇರೆ ದುಡ್ಡು ಬೇಡ. ಆದರೆ ಎಲ್ಲರೂ ಒಂದೇ ದಿನ ಬರೋದಿಲ್ಲ. 14 ಫೋಟೋ ಒಂದೇ ಥರ ಕಾಣಬೇಕಲ್ವಾ?

ಕೋಡಿಬಾಗದವ
ಸ್ಟೂಲಿನ ಕಾಲು, ಟ್ರೈಪಾಡಿನ ಕಾಲು ಇರುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅದನ್ನು ಒರೆಸಬೇಡಿ ಅಂತ ಮನೆಯವರಿಗೆ ಹೇಳಿ. ಕ್ಯಾಮರಾ ಅವರವರ ಕಣ್ಣಿನ ಎತ್ತರಕ್ಕೆ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ, ಆಟೋ ಬೇಡ, ಬಿಳಿ ಕಾಗದ ತೋರಿಸಿ ದಿನಾ ಹೊಸದಾಗಿ ಹೊಂದಿಸಿ. ಯಾವ ದಿನ ಬಂದರೂ ಬೆಳಿಗ್ಗೆ 10ರಿಂದ 12ರೊಳಗೆ ಬರಲಿ.