ವ್ಯಾಲರಂಟ್‌ನಲ್ಲಿ ಸಿಲ್ವರ್ ದಾಟೋಕೆ ಆಗ್ತಿಲ್ಲ, ಮೊದಲು ಯಾವುದಕ್ಕೆ ದುಡ್ಡು ಹಾಕ್ಲಿ? ಅನುಭವ ಇರೋರು ಹೇಳಿ

ರಾಜಾಜಿನಗರ_ರೀಲೋಡ್:
ಎಲ್ಲರಿಗೂ ನಮಸ್ಕಾರ. ವ್ಯಾಲರಂಟ್ ಅನ್ನೋ ಪಿಸಿ ಶೂಟಿಂಗ್ ಆಟದ ಕೆಳಗಿನ ರ‍್ಯಾಂಕ್‌ಗಳಲ್ಲಿ ಸಿಲ್ವರ್ 3ರವರೆಗೆ ಹೋಗ್ತೀನಿ, ಮತ್ತೆ ಸಿಲ್ವರ್ 1ಕ್ಕೆ ಬೀಳ್ತೀನಿ. ಐ5 10400ಎಫ್, ಎಚ್410 ಬೋರ್ಡ್, ಜಿಟಿಎಕ್ಸ್ 1650, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 60 ಹರ್ಟ್ಸ್ ಮಾನಿಟರ್. ರೂಟರ್ ಹಾಲ್‌ನಲ್ಲಿದೆ, ನನ್ನ ರೂಮ್ ಹಿಂದ್ಗಡೆ, ಹಾಗಾಗಿ ವೈಫೈ. ಕೈಯಲ್ಲಿ 15,000 ಇದೆ. ಮಾನಿಟರ್ ತಗೊಳ್ಲಾ, ಮೌಸ್ ತಗೊಳ್ಲಾ? ದಿನಕ್ಕೆ ಒಂದೂವರೆ ಗಂಟೆ ಸಿಗುತ್ತೆ.

ವಿಜಯನಗರ_ವೈರ್ಡ್:
ಎರಡೂ ಬೇಡ. ಮೊದಲು ವೈರ್ ಎಳೀರಿ. ಬೆಂಗಳೂರಲ್ಲಿ ಒಳ್ಳೆ ಫೈಬರ್ ಇದ್ರೆ ಮುಂಬೈ ಸರ್ವರ್‌ಗೆ 25–35 ಮಿಲಿಸೆಕೆಂಡ್ ಪಿಂಗ್ (ಸಿಗ್ನಲ್ ಹೋಗಿ ಬರೋ ಸಮಯ) ಬರುತ್ತೆ. ಆ ನಂಬರ್ ನೋಡಿ ನೆಟ್ ಚೆನ್ನಾಗಿದೆ ಅಂತ ಸುಮ್ಮನಾಗೋರೇ ಜಾಸ್ತಿ. ಏರಿಳಿತ ಎಷ್ಟಿದೆ ಅಂತ ಯಾರೂ ನೋಡಲ್ಲ. ಎರಡು ಕಮಾಂಡ್ ಪ್ರಾಂಪ್ಟ್ ತೆರೆದು ಒಂದರಲ್ಲಿ ರೂಟರ್‌ಗೆ (192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ ನಿಲ್ಲದ ಪಿಂಗ್ ಬಿಟ್ಟು ಒಂದು ಡೆತ್‌ಮ್ಯಾಚ್ (ಎಲ್ಲರೂ ಎಲ್ಲರ ಮೇಲೆ ಹೊಡೆಯೋ ಅಭ್ಯಾಸದ ಸುತ್ತು) ಆಡಿ ಬನ್ನಿ. ರೂಟರ್‌ಗೇ 2–3 ಇದ್ದದ್ದು ಆಗಾಗ 80, 120ಕ್ಕೆ ಹಾರಿದ್ರೆ ತಪ್ಪು ವೈಫೈದು. ರೂಟರ್ ಸರಿ ಇದ್ದು 8.8.8.8 ಮಾತ್ರ ಹಾರಿದ್ರೆ ಲೈನ್‌ದು, ಇಲ್ಲಾ ಮನೇಲಿ ಯಾರದೋ ಫೋನು ಫೋಟೋ ಬ್ಯಾಕಪ್ ಹಾಕ್ತಾ ಅಪ್‌ಲೋಡ್ ತುಂಬಿಸಿದೆ. ಅದಕ್ಕೆ ದುಬಾರಿ ಪ್ಲ್ಯಾನ್ ಬೇಕಿಲ್ಲ, ರೂಟರ್‌ನ ಕ್ಯೂಒಎಸ್ (ಯಾವುದಕ್ಕೆ ಎಷ್ಟು ವೇಗ ಅಂತ ಹಂಚೋ ಸೆಟ್ಟಿಂಗ್) ಒಳಗೆ ಅಪ್‌ಲೋಡನ್ನ ನಿಜವಾಗಿ ಸಿಗೋ ವೇಗದ ಶೇ 85–90ಕ್ಕೆ ಕಟ್ಟಿ.

ಕೇಬಲ್ ವಿಷಯದಲ್ಲಿ ಹುಷಾರು. ನಮ್ಮನೆಗೆ 22 ಮೀಟರ್ ಹಿಡೀತು. ಎಸ್‌ಪಿ ರೋಡ್‌ನಲ್ಲಿ ಒಂದು ಅಂಗಡಿಯವರು ಕ್ಯಾಟ್6 ಅಂತ ಕೊಟ್ಟಿದ್ದು ಸಿಸಿಎ, ಅಂದ್ರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಒಂದು ತಂತಿ ಬಿಡಿಸಿ ಬ್ಲೇಡಲ್ಲಿ ಕೆರೆದು ನೋಡಿ: ಒಳಗೂ ಕೆಂಪಿದ್ರೆ ತಾಮ್ರ, ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ. ಅದು ನಾಲ್ಕು ಸಲ ಬಗ್ಗಿಸಿದ್ರೆ ಮುರಿಯುತ್ತೆ, ಜಾಕ್ ಹತ್ರ ಕಾಂಟ್ಯಾಕ್ಟ್ ಸಡಿಲ ಆಗುತ್ತೆ, ಪ್ಯಾಕೆಟ್ ಲಾಸ್ (ಡೇಟಾ ದಾರೀಲೇ ಕಳೆದುಹೋಗೋದು) ಶುರು. ಕ್ರಿಂಪ್ ಮಾಡುವಾಗ (ತುದಿಗೆ ಜಾಕ್ ಕೂರಿಸುವಾಗ) ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆಮೇಲೆ ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 100 ಎಂಬಿಪಿಎಸ್ ತೋರಿಸಿದ್ರೆ ಹೆಚ್ಚಾಗಿ ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂತಿಲ್ಲ. ಕರೆಂಟ್ ವೈರ್ ಇರೋ ಪೈಪ್‌ನಲ್ಲೇ ತೂರಿಸ್ತೀನಿ ಅಂತ ಎಲೆಕ್ಟ್ರಿಷಿಯನ್ ಹೇಳ್ತಾರೆ, ಒಪ್ಪಬೇಡಿ. ಬೇರೆ ಪೈಪೇ ಬೇಕು.

ಬಸವನಗುಡಿ_144:
ವೈರ್ಡ್ ಅವರೇ, ಕೇಬಲ್ ಹಾಕಿದ್ಮೇಲೂ 60 ಹರ್ಟ್ಸ್ ಪರದೆಯೇ ಅಲ್ವಾ? ಲೆಕ್ಕ ನೋಡಿ. 60 ಹರ್ಟ್ಸ್‌ನಲ್ಲಿ 16.7 ಮಿಲಿಸೆಕೆಂಡಿಗೊಂದು ಚಿತ್ರ, 144ರಲ್ಲಿ 6.9ಕ್ಕೊಂದು. ಪ್ರತಿ ಚಿತ್ರಕ್ಕೂ ಸುಮಾರು 10 ಮಿಲಿಸೆಕೆಂಡ್ ಉಳೀತು. 144ರಿಂದ 240ಕ್ಕೆ ಹೋದ್ರೆ ಉಳಿಯೋದು 3ಕ್ಕಿಂತ ಕಡಿಮೆ, ಅದಕ್ಕೇ 240ಕ್ಕೆ ದುಡ್ಡು ಸುರಿಯೋದು ಬೇಡ ಅನ್ನೋದು. 24 ಇಂಚಿನ 1080ಪಿ ಐಪಿಎಸ್ 165 ಅಥವಾ 180 ಹರ್ಟ್ಸ್‌ದು 15,000ದ ಒಳಗೇ ಸಿಗುತ್ತೆ. ತಗೊಳ್ಳೋಕೆ ಮುಂಚೆ ಎಷ್ಟು ಡೆಡ್ ಪಿಕ್ಸೆಲ್ ಇದ್ರೆ ಬದಲಾಯಿಸಿಕೊಡ್ತಾರೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ನನಗೆ ಮಧ್ಯದಲ್ಲೇ ಒಂದು ಹಸಿರು ಚುಕ್ಕಿ ಇರೋದು ಬಂತು, ‘ಒಂದಕ್ಕೆಲ್ಲ ಬದಲಾಯಿಸಲ್ಲ’ ಅಂತ ಅಂಗಡಿಯವರು ಕೈತೊಳೆದುಕೊಂಡ್ರು. ಆಟದಲ್ಲಿ ಸ್ಮೋಕ್ (ಮರೆ ಮಾಡೋ ಹೊಗೆ) ಒಳಗಿಂದ ಯಾರೋ ಬಂದ ಹಾಗೆ ಕಾಣುತ್ತೆ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮನೆಗೆ ತಂದ್ಮೇಲೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಹಾಕಿ. ಆಮೇಲೆ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಕೈಯಾರೆ ಬದಲಾಯಿಸಿ, ಅದು ತಾನಾಗೇ 60ರಲ್ಲಿ ಕೂತಿರುತ್ತೆ. ಆಟದೊಳಗೆ ವಿಸಿಂಕ್ ಆಫ್, ಮಲ್ಟಿಥ್ರೆಡೆಡ್ ರೆಂಡರಿಂಗ್ ಆನ್, ಎನ್‌ವಿಡಿಯಾ ರಿಫ್ಲೆಕ್ಸ್ ಆನ್ ಪ್ಲಸ್ ಬೂಸ್ಟ್.

ಇನ್ನೊಂದು, ಆ ಒಂಟಿ ರ‍್ಯಾಮ್. ನಾಲ್ಕು ಜನ ಒಟ್ಟಿಗೆ ಎಬಿಲಿಟಿ (ಪಾತ್ರಗಳ ವಿಶೇಷ ಶಕ್ತಿ) ಹಾಕಿದಾಗ ಫ್ರೇಮ್ ಧಡಕ್ಕನೆ ಬೀಳೋದಕ್ಕೆ ಸಿಂಗಲ್ ಚಾನೆಲ್ ದೊಡ್ಡ ಕಾರಣ. ಇನ್ನೊಂದು 8 ಜಿಬಿ ಹಾಕಿ. ಎಚ್410 ಬೋರ್ಡ್‌ನಲ್ಲಿ 10400ಎಫ್ ಕೂತ್ರೆ ರ‍್ಯಾಮ್ 2666ಕ್ಕಿಂತ ಮೇಲೆ ಓಡಲ್ಲ, ಹಾಗಾಗಿ 3600 ಸ್ಟಿಕ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ರ‍್ಯಾಮ್ ಹಾಕುವಾಗ ಬಯೋಸ್ ರೀಸೆಟ್ ಆಯ್ತು ಅಂದ್ರೆ ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್ (ವ್ಯಾಲರಂಟ್‌ನ ಮೋಸ ತಡೆಯೋ ಸಾಫ್ಟ್‌ವೇರ್) ಆಟ ಶುರು ಮಾಡೋಕೇ ಬಿಡಲ್ಲ. ಸೆಕ್ಯೂರ್ ಬೂಟ್ ಮತ್ತು ಇಂಟೆಲ್ ಪಿಟಿಟಿ ಎರಡನ್ನೂ ಮತ್ತೆ ಆನ್ ಮಾಡ್ಬೇಕು.

ಮಲ್ಲೇಶ್ವರಂ_ಮಿನಿಮ್ಯಾಪ್:
ಇಬ್ಬರೂ ಸೇರಿ ಪಾಪ ಆ ಹುಡುಗನ 15,000 ಖಾಲಿ ಮಾಡಿಸ್ತೀರ. ಸಿಲ್ವರ್‌ನಲ್ಲಿ ಸಾಯೋದು ಮಾನಿಟರ್‌ನಿಂದ ಅಲ್ಲ ಸ್ವಾಮಿ, ಓಡ್ತಾ ಗುಂಡು ಹೊಡೆಯೋದ್ರಿಂದ, ಕ್ರಾಸ್‌ಹೇರ್ (ಗುರಿ ಗುರುತು) ನೆಲ ನೋಡೋದ್ರಿಂದ. ನಾನು 60 ಹರ್ಟ್ಸ್‌ನಲ್ಲೇ ಡೈಮಂಡ್ (ಸಿಲ್ವರ್‌ಗಿಂತ ಮೇಲಿನ ರ‍್ಯಾಂಕ್), ಈಗಲೂ ಅದೇ ಪರದೆ.

ಮೊದಲು ಕ್ರಾಸ್‌ಹೇರ್ ಸೆಟ್ಟಿಂಗ್‌ನಲ್ಲಿ ಮೂವ್‌ಮೆಂಟ್ ಎರರ್ ಆನ್ ಮಾಡಿ ಅಭ್ಯಾಸದ ರೇಂಜ್‌ಗೆ ಹೋಗಿ. ‘ಡಿ’ ಒತ್ತಿ ಬಲಕ್ಕೆ ಹೋಗ್ತಾ, ಅದನ್ನ ಬಿಟ್ಟು ‘ಎ’ಯನ್ನ ಹಾಗೇ ಮುಟ್ಟಿ ಬಿಡಿ. ಅಗಲವಾಗಿದ್ದ ಗೆರೆಗಳು ಸರ್‍ರಂತ ಒಳಗೆ ಸೇರ್ತವೆ. ಪೂರ್ತಿ ಸೇರಿದ ಮೇಲೆ ಒಂದು ಗುಂಡು, ಹೆಚ್ಚಂದ್ರೆ ಎರಡು, ಮತ್ತೆ ಜರುಗಿ. ಇದಕ್ಕೆ ದಿನಾ 10 ನಿಮಿಷ. ‘ಎ’ ಜಾಸ್ತಿ ಹೊತ್ತು ಒತ್ತಿದ್ರೆ ಎಡಕ್ಕೆ ನಡೆಯೋಕೆ ಶುರುವಾಗಿ ಗೆರೆ ಮತ್ತೆ ಅಗಲ ಆಗುತ್ತೆ, ಎಲ್ಲರೂ ಎಡವೋದು ಅಲ್ಲೇ.

ಆಮೇಲೆ ಒಂದು ಡೆತ್‌ಮ್ಯಾಚ್. 40 ಕಿಲ್ ಗೆಲ್ಲೋಕೆ ಅಂತ ಆಡಬೇಡಿ. ಪ್ರತಿ ಮೂಲೆ ತಿರುಗೋ ಮುಂಚೆ ಅಲ್ಲಿ ತಲೆ ಎಲ್ಲಿ ಬರುತ್ತೋ ಆ ಎತ್ತರಕ್ಕೆ ಕ್ರಾಸ್‌ಹೇರ್ ಇಡೋದು ಮಾತ್ರ ಕೆಲಸ. ಗೋಡೆಗೆ ತೀರಾ ಅಂಟಿಸಬೇಡಿ, ಆಚೆಯವನು ಮೂಲೆಯಿಂದ ದೂರಕ್ಕೆ ಸರಿದು ಹೊರಗೆ ಬಂದ್ರೆ ಕೈ ತಡವಾಗುತ್ತೆ. ಅದಾದ್ಮೇಲೆ ಒಂದೇ ಒಂದು ರ‍್ಯಾಂಕ್ಡ್, ಸುಮಾರು 40 ನಿಮಿಷ. ಉಳಿದ ಸಮಯ ರೆಕಾರ್ಡಿಂಗ್: ಪ್ರತಿ ಸಾವಿನ ಹಿಂದಿನ 10 ಸೆಕೆಂಡ್ ನೋಡಿ, ಪಕ್ಕದಲ್ಲಿ ಒಂದು ಪದ ಬರೀರಿ. ‘ಓಡ್ತಿದ್ದೆ’, ‘ಮ್ಯಾಪ್ ನೋಡಿಲ್ಲ’, ‘ಒಬ್ನೇ ಹೋದೆ’. ಯಾವ ಪದ ಹೆಚ್ಚು ಬಂತೋ ಮುಂದಿನ ವಾರವೆಲ್ಲ ಅದೊಂದನ್ನೇ ತಿದ್ದಿ.

ಸೆನ್ಸಿಟಿವಿಟಿ 800 ಡಿಪಿಐಗೆ 0.35 ಇಡಿ. ಒಂದು ಪೂರ್ತಿ ಸುತ್ತಿಗೆ ಸುಮಾರು 47 ಸೆಂಟಿಮೀಟರ್ ಮೌಸ್ ಜರುಗಬೇಕು. ಅದಕ್ಕೆ ಪ್ಯಾಡ್ ಅಗಲ 40 ಸೆಂಟಿಮೀಟರ್ ಮೇಲಿರಲಿ, ವಿಂಡೋಸ್‌ನ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಆಫ್ ಇರಲಿ. ಇದಿಷ್ಟೇ ಖರ್ಚು.

ಬಸವನಗುಡಿ_144:
60 ಹರ್ಟ್ಸ್‌ನಲ್ಲಿ ಡೈಮಂಡ್ ಆದೆ ಅಂತ ಎಲ್ಲರೂ ಅದೇ ಕಷ್ಟ ಪಡಬೇಕಾ? ಗೆರೆ ಒಳಗೆ ಸೇರೋದು ಕಣ್ಣಿಗೆ ಬೇಗ ಕಾಣಬೇಕು ಅಂದ್ರೂ ಹರ್ಟ್ಸ್ ಬೇಕು. ಅದನ್ನ ಯಾಕೆ ಒಪ್ಪಲ್ಲ ನೀವು?

ಮಲ್ಲೇಶ್ವರಂ_ಮಿನಿಮ್ಯಾಪ್:
ಕಾಣೋದು ಬೇರೆ, ಗೊತ್ತಿರೋದು ಬೇರೆ. ಸ್ಪೈಕ್ (ಆಟದ ಬಾಂಬ್) ಇಟ್ಟ ಮೇಲೆ ಸಿಡಿಯೋಕೆ 45 ಸೆಕೆಂಡ್. ಡಿಫ್ಯೂಸ್‌ಗೆ 7, ಅರ್ಧ ಅಂದ್ರೆ 3.5 ಮುಗಿಸಿ ಬಿಟ್ರೆ ಅದು ಉಳಿಯುತ್ತೆ. ಅರ್ಧ ಆಗಿರೋ ಸ್ಪೈಕ್‌ಗೆ 4 ಸೆಕೆಂಡ್ ಇದ್ರೂ ಸಾಕು, ಆದ್ರೂ ‘ಟೈಮ್ ಇಲ್ಲ’ ಅಂತ ಓಡಿಹೋಗೋರನ್ನ ಸಿಲ್ವರ್‌ನಲ್ಲಿ ದಿನಾ ನೋಡ್ತೀರ. ಆಟದೊಳಗಿನ ದುಡ್ಡೂ ಅಷ್ಟೇ. ಸತತವಾಗಿ ಸೋತ್ರೆ ರೌಂಡಿಗೆ 1,900, ಆಮೇಲೆ 2,400, ಆಮೇಲೆ 2,900. ರೈಫಲ್ 2,900, ಹೆವಿ ಶೀಲ್ಡ್ 1,000, ಒಟ್ಟು 3,900. ಬೈ ಮೆನುವಿನಲ್ಲಿ ಮುಂದಿನ ರೌಂಡಿಗೆ ಕನಿಷ್ಠ ಎಷ್ಟಿರುತ್ತೆ ಅಂತ ತೋರಿಸುತ್ತೆ. ಅದು 3,900ಕ್ಕಿಂತ ಕೆಳಗೆ ಹೋಗೋ ಹಾಗಿದ್ರೆ ಶೆರಿಫ್ ಪಿಸ್ತೂಲು ಮುಟ್ಟಬೇಡಿ. 240 ಹರ್ಟ್ಸ್ ಇದ್ರೂ ಈ ಲೆಕ್ಕ ಮಾನಿಟರ್ ಮಾಡಿಕೊಡಲ್ಲ.

ಹನುಮಂತನಗರ_ಸ್ಪ್ರೇ:
ನಿಲ್ಲಿಸಿ ಹೊಡೆಯೋದು ಕಲೀಬೇಕು ಅಂದ್ರೆ ಸಿಎಸ್2 (ಕೌಂಟರ್-ಸ್ಟ್ರೈಕ್ 2) ಆಡ್ಲಿ. ಉಚಿತ, ಮುಂಬೈ ಸರ್ವರೂ ಇದೆ, ಅಲ್ಲಿ ಗುಂಡು ತಪ್ಪಿದ್ರೆ ಕಾಪಾಡೋಕೆ ಎಬಿಲಿಟಿ ಇಲ್ಲ. ವ್ಯಾಲರಂಟ್ ಸೆನ್ಸ್‌ನ 3.18ರಿಂದ ಗುಣಿಸಿದ್ರೆ ಸಿಎಸ್ ಸೆನ್ಸ್ ಬರುತ್ತೆ, 0.35 ಅಂದ್ರೆ 1.11. ಅಲ್ಲಿನ ಎಕೆ ರೈಫಲ್‌ನ ಮೊದಲ ಹತ್ತು ಗುಂಡಿನ ಸ್ಪ್ರೇ (ಒಂದೇ ಸಮ ಹೊಡೆಯೋದು) ಗೋಡೆ ಮೇಲೆ ಕಲಿತರೆ ಕೈ ಹದಕ್ಕೆ ಬರುತ್ತೆ.

ಮಲ್ಲೇಶ್ವರಂ_ಮಿನಿಮ್ಯಾಪ್:
ತಪ್ಪು. ಎಕೆ ಸ್ಪ್ರೇ ಯಾವಾಗಲೂ ಒಂದೇ ದಾರಿ ಹಿಡಿಯುತ್ತೆ, ವ್ಯಾಲರಂಟ್‌ನ ವ್ಯಾಂಡಲ್ ರೈಫಲ್ ಮೊದಲ ಕೆಲವು ಗುಂಡು ಆದ್ಮೇಲೆ ಎಡಕ್ಕೋ ಬಲಕ್ಕೋ ತನ್ನಿಷ್ಟ ಬಂದ ಹಾಗೆ ತಿರುಗುತ್ತೆ. ಆ ಅಭ್ಯಾಸ ಇಲ್ಲಿ ತಂದ್ರೆ ಕೆಡೋದೇ. ಸಿಲ್ವರ್‌ನವರು ವ್ಯಾಂಡಲ್ ಹಿಡಿದು ಒಂದು, ಎರಡು ಗುಂಡು ಕಲೀಲಿ. ತಲೆಗೆ ಬಿದ್ರೆ ಎಷ್ಟೇ ದೂರ ಇದ್ರೂ 160 ಡ್ಯಾಮೇಜ್.

ಹನುಮಂತನಗರ_ಸ್ಪ್ರೇ:
ವ್ಯಾಂಡಲ್ಲೇ ಯಾಕೆ? ಹತ್ತಿರದ ಮೂಲೆ ಕಾಯೋನಿಗೆ ಫ್ಯಾಂಟಮ್ ರೈಫಲ್ ಮೇಲು. 25ರ ಬದಲು 30 ಗುಂಡು, ಬೇಗ ಹೊಡೆಯುತ್ತೆ, ಗುಂಡಿನ ಗೆರೆ ಎದುರಾಳಿಗೆ ಕಾಣಲ್ಲ, ಸ್ಮೋಕ್ ಒಳಗಿಂದ ಹೊಡೆಯೋಕೆ ಅದೇ ಸರಿ. ಹತ್ತಿರದಿಂದ ತಲೆಗೆ 156, ಹೆವಿ ಶೀಲ್ಡ್ ಇದ್ರೂ ಒಂದೇ ಏಟು.

ಮಲ್ಲೇಶ್ವರಂ_ಮಿನಿಮ್ಯಾಪ್:
ದೂರ ಹೆಚ್ಚಾದ್ರೆ 140. ಹೆವಿ ಶೀಲ್ಡ್ ಸೇರಿ ಎದುರಿನವನಿಗಿದ್ದ 150ರಲ್ಲಿ 10 ಉಳೀತು, ಅವನು ತಿರುಗಿ ಹೊಡೆದ, ನೀವು ಹೋದ್ರಿ. ಹೇವನ್ ಮ್ಯಾಪ್‌ನ ಸಿ ಲಾಂಗ್ ಅನ್ನೋ ಉದ್ದ ದಾರೀಲಿ ಒಂದ್ಸಲ ಫ್ಯಾಂಟಮ್ ಹಿಡಿದು ನಿಂತು ನೋಡಿ, ಆಮೇಲೆ ಮಾತಾಡೋಣ.

ಯಶವಂತಪುರ_ಜೈರೋ:
ಪಿಸಿಗೆ ಇಷ್ಟು ಸುರಿಯೋ ಬದಲು ಬಿಜಿಎಂಐ (ಫೋನ್‌ನಲ್ಲಿ ಆಡೋ ಶೂಟಿಂಗ್ ಆಟ) ನೋಡಿ ಗುರೂ. ನಾಲ್ಕು ಬೆರಳಲ್ಲಿ ಆಡೋ ಕ್ಲಾ ಹಿಡಿತ, ಜೈರೋ (ಫೋನ್ ಓರೆ ಮಾಡಿ ಗುರಿ ಇಡೋದು) ‘ಆಲ್ವೇಸ್ ಆನ್’. ಮೊದಲು ರೆಡ್ ಡಾಟ್ ಸ್ಕೋಪ್‌ಗೆ ಜೈರೋ ಕೂರಿಸಿ, ಟ್ರೇನಿಂಗ್ ಗ್ರೌಂಡ್‌ನಲ್ಲಿ ಗೋಡೆಗೆ ಒಂದು ಮ್ಯಾಗಝೀನ್ ಖಾಲಿ ಮಾಡಿ. ರಂಧ್ರಗಳು ಮೇಲಕ್ಕೆ ಹೋದ್ರೆ ಸೆನ್ಸ್ ಕಡಿಮೆ, ಕೆಳಕ್ಕೆ ಹೋದ್ರೆ ಜಾಸ್ತಿ. ಅದು ಸರಿಯಾದ ಮೇಲೇ 3ಎಕ್ಸ್, ಆಮೇಲೆ 4ಎಕ್ಸ್, 6ಎಕ್ಸ್. ಚಾರ್ಜ್‌ಗೆ ಹಾಕ್ಕೊಂಡು ಆಡಬೇಡಿ, ಬಿಸಿಯಾಗಿ 90 ಎಫ್‌ಪಿಎಸ್ ಇದ್ದದ್ದು ಕೊನೇ ಸರ್ಕಲ್ ಹೊತ್ತಿಗೇ ಬೀಳುತ್ತೆ. ಬೈಪಾಸ್ ಚಾರ್ಜಿಂಗ್ ಇದ್ರೆ ಸರಿ, ಕವರ್ ಮಾತ್ರ ತೆಗೀರಿ.

ವಿಜಯನಗರ_ವೈರ್ಡ್:
ಅವರು ಕೇಳಿದ್ದು ವ್ಯಾಲರಂಟ್. ಸೆಪ್ಟೆಂಬರ್ 2020ರಲ್ಲಿ ಪಬ್‌ಜಿ ಮೊಬೈಲ್ ಹೋಯ್ತು, ಜುಲೈ 2022ರಲ್ಲಿ ಬಿಜಿಎಂಐ ಹೋಗಿ ಮೇ 2023ರಲ್ಲಿ ವಾಪಸ್ ಬಂತು. ಇದ್ದಕ್ಕಿದ್ದಂತೆ ಮಾಯ ಆಗೋ ಆಟಕ್ಕೆ ಅಷ್ಟೆಲ್ಲ ಶ್ರಮ ಯಾಕೆ ಹಾಕ್ಬೇಕು?

ಯಶವಂತಪುರ_ಜೈರೋ:
ಹೋದಾಗಲೂ ಕೈಯಲ್ಲಿದ್ದ ಜೈರೋ ಹೋಗ್ಲಿಲ್ಲ. ಫೋನ್ ಮಾತ್ರ ಇರೋ ಹುಡುಗರೂ ಆಡ್ತಾರೆ ಇಲ್ಲಿ. ಅವರನ್ನ ಕೀಳಾಗಿ ನೋಡಬೇಡಿ.

ರಾಜಾಜಿನಗರ_ರೀಲೋಡ್:
ಪಿಂಗ್ ಓಡಿಸಿದೆ. ರೂಟರ್‌ಗೇ 3ರಿಂದ 140ರವರೆಗೆ ಹಾರ್ತಿದೆ. ಬಾಡಿಗೆ ಮನೆ, ಓನರ್ ಗೋಡೆಗೆ ಡ್ರಿಲ್ ಹಾಕೋಕೆ ಬಿಡಲ್ಲ. ಕರೆಂಟ್ ವೈರ್‌ನಲ್ಲೇ ನೆಟ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಆಗುತ್ತಾ?

ವಿಜಯನಗರ_ವೈರ್ಡ್:
ಬೇಡ. ಎರಡು ರೂಮು ಬೇರೆ ಫೇಸ್‌ನಲ್ಲಿದ್ರೆ, ಒಂದು ಇನ್ವರ್ಟರ್ ಲೈನ್‌ನಲ್ಲಿದ್ರೆ ಕೈಕೊಡುತ್ತೆ. ಚಪ್ಪಟೆ ಕ್ಯಾಟ್6 ರೆಡಿಮೇಡ್ ತಗೊಂಡು ಸ್ಕರ್ಟಿಂಗ್ ಪಕ್ಕ ಅಂಟಿಸೋ ಕ್ಲಿಪ್ ಹಾಕಿ, ಬಾಗಿಲ ಕೆಳಗೆ ತಂದುಬಿಡಿ. ಬಾಗಿಲು ಉಜ್ಜೋ ಜಾಗದಲ್ಲಿ ಮಾತ್ರ ಮೇಲೆ ಟೇಪ್ ಹಚ್ಚಿ. ಅದು ಬರೋವರೆಗೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಸಿಗ್ನಲ್ ಸಾಲದೆ 2.4ರಲ್ಲೇ ಇರ್ಬೇಕಾದ್ರೆ 1, 6, 11 ಬಿಟ್ಟು ಬೇರೆ ಚಾನೆಲ್ ಇಡಬೇಡಿ, ಅಕ್ಕಪಕ್ಕದ ಮನೆಯವರ ಎರಡೆರಡು ಚಾನೆಲ್ ಒಟ್ಟಿಗೆ ಮೈಮೇಲೆ ಬೀಳ್ತವೆ.

ಬನಶಂಕರಿ_ಬ್ಯಾಕಪ್:
ಯಾರೂ ಕರೆಂಟ್ ಬಗ್ಗೆ ಹೇಳ್ಲಿಲ್ಲ. ಏಪ್ರಿಲ್, ಮೇನಲ್ಲಿ ನಾಲ್ಕು ಹನಿ ಬಿದ್ದು ಗಾಳಿ ಬಂದ್ರೆ ಬೆಸ್ಕಾಂ ಲೈನ್ ಹೋಗುತ್ತೆ, ರ‍್ಯಾಂಕ್ಡ್ ಮಧ್ಯೆ ಹೋದ್ರೆ ಪೆನಾಲ್ಟಿ ನಿಮಗೆ. 600 ವಿಎ ಯುಪಿಎಸ್ ಅಂದ್ರೆ ಸುಮಾರು 360 ವ್ಯಾಟ್. ನಿಮ್ಮ ಪಿಸಿ, ಮಾನಿಟರ್ ಸೇರಿ 200ರ ಆಸುಪಾಸು ಎಳೆದ್ರೆ ಕೆಲವೇ ನಿಮಿಷ, ಮ್ಯಾಚ್ ಮುಗಿಯಲ್ಲ. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಇದ್ರೆ ಅದರಿಂದಲೇ ಒಂದು ಪ್ಲಗ್ ಎಳೆಸಿ, ಇನ್ವರ್ಟರ್ ಮೇಲಿರೋ ಸ್ವಿಚ್ ಇಕೋದಿಂದ ಯುಪಿಎಸ್ ಮೋಡ್‌ಗೆ ತಿರುಗಿಸಿ. ಇಕೋದಲ್ಲಿ ಬದಲಾಗೋಕೆ ಹೊತ್ತು ಹಿಡಿದು ಪಿಸಿ ರೀಸ್ಟಾರ್ಟ್ ಆಗುತ್ತೆ.

ಹನುಮಂತನಗರ_ಸ್ಪ್ರೇ:
ಯುಪಿಎಸ್ ಮೋಡ್‌ನಲ್ಲಿ ಇಟ್ಟೂ ನಮ್ಮದು ರೀಸ್ಟಾರ್ಟ್ ಆಗುತ್ತೆ. ಸುಮ್ನೆ ಹೇಳಬೇಡಿ.

ಬನಶಂಕರಿ_ಬ್ಯಾಕಪ್:
ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರ್ಬೇಕು, ಪಿಸಿಯ ಪವರ್ ಸಪ್ಲೈ, ಅದೇ ಎಸ್‌ಎಂಪಿಎಸ್‌ನಲ್ಲಿ ಆಕ್ಟಿವ್ ಪಿಎಫ್‌ಸಿ ಇರ್ಬೇಕು. ಎರಡಕ್ಕೂ ಆಗಿಬರಲ್ಲ. ಪ್ಯೂರ್ ಸೈನ್ ವೇವ್ ಅಂತ ಡಬ್ಬಿ ಮೇಲೆ ಬರೆದಿದೆಯಾ ನೋಡಿ ಆಮೇಲೆ ರೇಗಾಡಿ. ರೂಟರ್‌ಗೆ ಬೇರೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕೋರು ಅಡಾಪ್ಟರ್ ಹಿಂದೆ ಎಷ್ಟು ಆಂಪಿಯರ್ ಅಂತ ಓದಿ: 2 ಆಂಪಿಯರ್ ಕೇಳೋ ರೂಟರ್‌ಗೆ 1 ಆಂಪಿಯರ್‌ದು ಹಾಕಿದ್ರೆ ವೈಫೈ ಲೋಡ್ ಬಂದಾಗ ಆಫ್ ಆಗಿ ಆನ್ ಆಗುತ್ತೆ. ಫೈಬರ್ ಡಬ್ಬಿ, ಅದೇ ಒಎನ್‌ಟಿ, ರೂಟರ್‌ನಿಂದ ಬೇರೆ ಇದ್ರೆ ಅದಕ್ಕೂ ಪವರ್ ಬೇಕು. ಒಂದಕ್ಕೆ ಮಾತ್ರ ಕೊಟ್ರೆ ವೈಫೈ ಗುರುತು ಪೂರ್ತಿ ಇರುತ್ತೆ, ನೆಟ್ ಇರಲ್ಲ.