ಗೇಟಿನಲ್ಲಿ ಎದೆಬಡಿತ ಅಳೆಯುವ ಯಂತ್ರ ಇಡಬಹುದೇ? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ಟೆಕ್ ಪಾರ್ಕ್ ಭದ್ರತಾ ಮೇಲ್ವಿಚಾರಕ, ಬೆಂಗಳೂರು):
ಮೇಡಂ, ನಮಸ್ಕಾರ. ನಮ್ಮ ಗೇಟಿಗೆ ಹೊಸ ಯಂತ್ರ ಹಾಕಿಸಿ ಅಂತ ಒಂದು ಕಂಪನಿಯವರು ಡೆಮೊ ಕೊಟ್ಟು ಹೋದರು. ಮೆಟಲ್ ಡಿಟೆಕ್ಟರ್ ಅಲ್ಲ. ಸಾಲಿನಲ್ಲಿ ನಿಂತವರನ್ನು ಮುಟ್ಟದೆಯೇ ಎದೆಬಡಿತ, ಉಸಿರು, ಮುಖದ ಶಾಖ ಅಳೆದು, ಗಾಬರಿಯಲ್ಲಿ ಇರುವವರ ಮುಖಕ್ಕೆ ಪರದೆ ಮೇಲೆ ಕೆಂಪು ಚೌಕ ಹಾಕುತ್ತೆ. ಅಂಥವರನ್ನು ಗಾರ್ಡು ಪಕ್ಕಕ್ಕೆ ಕರೆದು, ಬ್ಯಾಗ್ ತೆಗೆಸಿ, ವಿಚಾರಿಸಬೇಕಂತೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ ಸಾರ್, ಅದನ್ನೇ ನಮ್ಮ ಮಷೀನ್ ಹಿಡಿಯುತ್ತೆ" ಅಂದ ಸೇಲ್ಸ್ ಹುಡುಗ. ಮೈ ಮುಟ್ಟದೇ ಇರೋದರಿಂದ ಕಾನೂನಿನ ತೊಡಕಿಲ್ಲ ಅಂತಾನೆ. ಹೌದಾ?

ಉತ್ತರ (ವಕೀಲೆ):
ನಮಸ್ಕಾರ ಸರ್. ಮುಟ್ಟಿದರೋ ಇಲ್ಲವೋ ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಮೆಟಲ್ ಡಿಟೆಕ್ಟರ್ ಚಾಕು ಹುಡುಕುತ್ತದೆ, ಚಾಕು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಿಮಗೆ ತೋರಿಸಿದ ಯಂತ್ರ ದೇಹದ ಲಕ್ಷಣ ಹಿಡಿದು ಮನಸ್ಸಿನಲ್ಲಿ ಏನಿದೆ ಅಂತ ಊಹಿಸುತ್ತದೆ. ಕಾನೂನು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ನಮ್ಮ ರಾಜ್ಯದ್ದೇ ಪ್ರಕರಣವಿದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2010ರ ಮೇ 5ರಂದು ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಪಾಲಿಗ್ರಾಫ್ ಅಂದರೆ ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ತರಂಗ ಪರೀಕ್ಷೆ, ಈ ಮೂರನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ಜನಕ್ಕೆ ನೆನಪಿರುವುದು ಮಂಪರು ಪರೀಕ್ಷೆಯೊಂದೇ. ನೀವು ಗಮನಿಸಬೇಕಾದ್ದು ಪಾಲಿಗ್ರಾಫ್. ಅದು ಅಳೆಯುವುದಾದರೂ ಏನು? ಉಸಿರು, ನಾಡಿ, ರಕ್ತದೊತ್ತಡ, ಚರ್ಮದ ಬೆವರು. ನಿಮ್ಮ ಗೇಟಿನ ಯಂತ್ರವೂ ಹೆಚ್ಚುಕಮ್ಮಿ ಅದನ್ನೇ ಅಳೆಯುತ್ತದೆ, ವೈರು ಸುತ್ತುವುದಿಲ್ಲ ಅಷ್ಟೇ. ಬೆರಳಚ್ಚು ಕೊಡುವುದು ಬೇರೆ, ಬಾಯಿ ಬಿಡದವನ ದೇಹದ ಪ್ರತಿಕ್ರಿಯೆಯಿಂದ ಅವನಿಗೆ ಗೊತ್ತಿರುವುದನ್ನು ಹೊರಗೆಳೆಯುವುದು ಬೇರೆ ಎಂದು ಕೋರ್ಟು ಗೆರೆ ಎಳೆದದ್ದು ಅಲ್ಲಿಯೇ. ಮನಸ್ಸಿನ ಖಾಸಗಿತನವೂ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಕೇಸಿನಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು.

ಇವು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವ ತೀರ್ಪುಗಳು, ನಿಮ್ಮದು ಖಾಸಗಿ ಜಾಗ, ಅದೂ ನಿಜ. ಹಾಗಂತ ನಿರಾಳವಾಗಬೇಡಿ. 2011ರ ಐಟಿ ನಿಯಮಗಳು ದೈಹಿಕ, ಮಾನಸಿಕ ಆರೋಗ್ಯ ಸ್ಥಿತಿಯನ್ನೂ ಬಯೊಮೆಟ್ರಿಕ್ ಮಾಹಿತಿಯನ್ನೂ ಸೂಕ್ಷ್ಮ ಮಾಹಿತಿ ಎಂದು ಪಟ್ಟಿ ಮಾಡಿ, ಸಂಗ್ರಹಿಸುವ ಮೊದಲೇ ಲಿಖಿತ ಒಪ್ಪಿಗೆ ಬೇಕು ಅನ್ನುತ್ತವೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆಯನ್ನೇ. "ಒಪ್ಪದಿದ್ದರೆ ಒಳಗೆ ಬಿಡಲ್ಲ, ಒಳಗೆ ಹೋಗದಿದ್ದರೆ ಸಂಬಳ ಇಲ್ಲ" ಅನ್ನುವ ಕಡೆ ಉದ್ಯೋಗಿ ಕೊಟ್ಟ ಒಪ್ಪಿಗೆ ಎಷ್ಟು ಮುಕ್ತ, ನೀವೇ ಹೇಳಿ.

ಪ್ರತಿಕ್ರಿಯೆ (ಬಯೊಮೆಡಿಕಲ್ ಎಂಜಿನಿಯರ್, ಮೈಸೂರು):
ಮೇಡಂ ಅನುಮತಿ ಕೊಟ್ಟರೆ ಯಂತ್ರದ ಬಗ್ಗೆ ಎರಡು ಮಾತು. ರಾಡಾರ್‌ನಿಂದ ಎದೆಬಡಿತ ಅಳೆಯುವುದು ಬೂಟಾಟಿಕೆ ಅಲ್ಲ, ಆಗುತ್ತದೆ. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್ ಏರಿಳಿಯುತ್ತದೆ, ಹೃದಯದ ಬಡಿತಕ್ಕೆ ಚರ್ಮ ಅಲುಗುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಮಲಗಿದ ರೋಗಿಯಲ್ಲಿ ಇದನ್ನು ಚೆನ್ನಾಗಿ ಹಿಡಿಯಬಹುದು. ಲ್ಯಾಪ್‌ಟಾಪ್ ಬ್ಯಾಗ್ ನೇತುಹಾಕಿಕೊಂಡು, ಫೋನಿನಲ್ಲಿ ಮಾತಾಡುತ್ತಾ ಸಾಲಿನಲ್ಲಿ ಸರಿಯುವವನಲ್ಲಿ ಕಷ್ಟ. ಕ್ಯಾಮೆರಾದಿಂದ ನಾಡಿ ನೋಡುವ ಪದ್ಧತಿಗೆ ಇನ್ನೊಂದು ಕೊರತೆ ಇದೆ. ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರುವುದರಿಂದ ಸಂಕೇತವೇ ಕ್ಷೀಣ.

ಅಳತೆ ಸರಿ ಬಂದರೂ ಅದು ಹೇಳುವುದು ಬಡಿತ ಜಾಸ್ತಿ ಇದೆ ಅಂತ ಮಾತ್ರ. ಮೆಟ್ರೋ ಸ್ಟೇಷನ್ನಿನಿಂದ ಓಡಿ ಬಂದವನಿಗೂ, ಇಂಟರ್‌ವ್ಯೂಗೆ ಬಂದ ಹುಡುಗಿಗೂ, ಥೈರಾಯ್ಡ್ ಇದ್ದವರಿಗೂ ಬಡಿತ ಜಾಸ್ತಿಯೇ. ಬಿಪಿಗೆ ಬೀಟಾ ಬ್ಲಾಕರ್ ಅನ್ನುವ, ಎದೆಬಡಿತ ತಗ್ಗಿಸುವ ಮಾತ್ರೆ ನುಂಗಿ ಬಂದ ಕಳ್ಳನಿಗೆ ಕಡಿಮೆ! ಲೆಕ್ಕವನ್ನೂ ನೋಡಿ. ದಿನಕ್ಕೆ 20,000 ಜನ ಬರುತ್ತಾರೆ, ಯಂತ್ರ ನೂರಕ್ಕೆ 95 ಸಲ ಸರಿ ಅಂದುಕೊಳ್ಳೋಣ. ಆದರೂ ದಿನಕ್ಕೆ ಸುಮಾರು 1,000 ನಿರಪರಾಧಿಗಳಿಗೆ ಕೆಂಪು ಚೌಕ.

ಉತ್ತರ (ವಕೀಲೆ):
ಧನ್ಯವಾದ ಸರ್. ಇದೇ ಪ್ರಯೋಗ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲೇ ನಡೆದಿದೆ. ಅಲ್ಲಿನ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆ 'ಫಾಸ್ಟ್' ಹೆಸರಿನಲ್ಲಿ ದೂರದಿಂದಲೇ ಎದೆಬಡಿತ, ಉಸಿರು, ಕಣ್ಣಿನ ಚಲನೆ, ಮುಖದ ಶಾಖ ಅಳೆದು 'ದುರುದ್ದೇಶ' ಪತ್ತೆ ಮಾಡುವ ಯೋಜನೆ ಹಾಕಿ, 2011ರ ಹೊತ್ತಿಗೆ ಹೊರಗೆ ಪರೀಕ್ಷೆಯನ್ನೂ ಮಾಡಿತು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅನುಮಾನಿಸುವ ಇನ್ನೊಂದು ಕಾರ್ಯಕ್ರಮಕ್ಕೆ ಸುಮಾರು 90 ಕೋಟಿ ಡಾಲರ್ ಸುರಿದ ಮೇಲೆ, 2013ರಲ್ಲಿ ಅವರದೇ ಲೆಕ್ಕಪರಿಶೋಧನಾ ಸಂಸ್ಥೆ ತಕರಾರು ಎತ್ತಿತು. ವರ್ತನೆ ನೋಡಿ ಸುಳ್ಳು ಹಿಡಿಯುವ ಮನುಷ್ಯನ ಶಕ್ತಿ ನಾಣ್ಯ ಚಿಮ್ಮಿದಷ್ಟೇ, ಇಲ್ಲವೇ ಅದಕ್ಕಿಂತ ಕೂದಲೆಳೆ ಮೇಲು ಎಂದು ವರದಿ ಬರೆಯಿತು.

ಪ್ರಶ್ನೆ (ಗೃಹಿಣಿ, ನ್ಯೂಜೆರ್ಸಿ):
ಮೇಡಂ, ಇಲ್ಲಿ ಏರ್‌ಪೋರ್ಟಲ್ಲಿ ಕೈ ಎತ್ತಿ ನಿಲ್ಲಿಸ್ತಾರಲ್ಲ, ಅದೂ ಇದೇನಾ? ಮೈಯೆಲ್ಲ ಕಾಣುತ್ತೆ ಅಂತ ನಮ್ಮ ಅತ್ತೆಗೆ ಭಯ.

ಉತ್ತರ (ವಕೀಲೆ):
ಅಲ್ಲಮ್ಮ, ಅದು ಬಟ್ಟೆಯೊಳಗೆ ವಸ್ತು ಇದೆಯಾ ಅಂತ ನೋಡುವ ಮಿಲಿಮೀಟರ್ ತರಂಗದ ಸ್ಕ್ಯಾನರ್. ಅತ್ತೆಯವರ ಭಯಕ್ಕೆ ಹಿಂದೆ ಕಾರಣವಿತ್ತು, ಶುರುವಿನಲ್ಲಿ ನಿಜಕ್ಕೂ ಮೈಯ ಆಕಾರವೇ ಪರದೆಯಲ್ಲಿ ಮೂಡುತ್ತಿತ್ತು. ಗಲಾಟೆಯಾಗಿ, ಕೇಸಾಗಿ, ಆ ಚಿತ್ರ ಮರೆಮಾಡಲಾಗದ ಎಕ್ಸ್‌ರೇ ಮಾದರಿಯ ಯಂತ್ರಗಳನ್ನು 2013ರಲ್ಲಿ ತೆಗೆದುಹಾಕಿದರು. ಈಗ ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ, ಅನುಮಾನ ಬಂದ ಜಾಗಕ್ಕೆ ಹಳದಿ ಗುರುತು. ಬೇಡವೆಂದರೆ ಸಾಮಾನ್ಯವಾಗಿ ಕೈಯಿಂದ ತಪಾಸಣೆ ಮಾಡಿಸಿಕೊಳ್ಳಬಹುದು, ಹೆಂಗಸರನ್ನು ಹೆಂಗಸರೇ ನೋಡುತ್ತಾರೆ.

ಪ್ರಶ್ನೆ (ಅದೇ ಮೇಲ್ವಿಚಾರಕ):
ಮ್ಯಾನೇಜ್‌ಮೆಂಟ್ ಹಾಕಿಸಿಯೇಬಿಟ್ಟರೆ? ಕೆಂಪು ಬಂದವರು ನಿಲ್ಲದೆ ಹೊರಟರೆ ನಮ್ಮ ಹುಡುಗರು ಹಿಡಿಯಬಹುದಾ?

ಉತ್ತರ (ವಕೀಲೆ):
ಹಿಡಿಯಬಾರದು. ಖಾಸಗಿ ಗಾರ್ಡಿಗೆ ಪೊಲೀಸ್ ಅಧಿಕಾರವಿಲ್ಲ. ಸಾಮಾನ್ಯ ನಾಗರಿಕ ಒಬ್ಬರನ್ನು ಬಂಧಿಸಬೇಕಾದರೆ, ಆ ವ್ಯಕ್ತಿ ಘೋಷಿತ ಅಪರಾಧಿ ಆಗಿರಬೇಕು, ಇಲ್ಲವೇ ಅವರ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದಿರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 40ನೇ ಕಲಮು ನೋಡಿ, ಹಾಗೆ ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಎದೆ ಜೋರಾಗಿ ಬಡಿದುಕೊಳ್ಳುವುದು ಯಾವ ಕಾಯ್ದೆಯಲ್ಲೂ ಅಪರಾಧವಲ್ಲ. ಕೈ ಅಡ್ಡ ಇಟ್ಟು ತಡೆದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 126ನೇ ಕಲಮಿನ ಅಕ್ರಮ ತಡೆ ಆರೋಪ ನಿಮ್ಮ ಗಾರ್ಡಿನ ಮೇಲೇ ಬೀಳುತ್ತದೆ. ಕೇಸಾದರೆ ಮೊದಲ ಆರೋಪಿ ಆ ಹುಡುಗ, ಯಂತ್ರ ಮಾರಿದವರಲ್ಲ. ಹೊರಗಿನವರಿಗೆ ಪ್ರವೇಶ ನಿರಾಕರಿಸಬಹುದು, ಅಷ್ಟೇ.

ಮ್ಯಾನೇಜ್‌ಮೆಂಟಿಗೆ ಹೇಳಲು ಇನ್ನೊಂದು ವಿಷಯ. ಕೆಲಸದ ಜಾಗದಲ್ಲಿ ಬಯೊಮೆಟ್ರಿಕ್ ಹಿಡಿದು ಭಾವನೆ ಊಹಿಸುವ ಎಐ ವ್ಯವಸ್ಥೆಗಳನ್ನು ಯುರೋಪಿಯನ್ ಒಕ್ಕೂಟ 2025ರ ಫೆಬ್ರವರಿಯಿಂದ ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಸಣ್ಣ ವಿನಾಯಿತಿ ಬಿಟ್ಟು. ಆ ಕಾನೂನು ವೈಟ್‌ಫೀಲ್ಡಿಗೆ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಬಾಡಿಗೆದಾರರಲ್ಲಿ ಯುರೋಪಿನ ಕಂಪನಿಗಳಿದ್ದರೆ ಅವರ ಲೀಗಲ್ ಟೀಮಿಗೆ ಒಂದು ಮೇಲ್ ಹಾಕಿ. ನನ್ನ ಅಭಿಪ್ರಾಯಕ್ಕಿಂತ ಅವರ ಉತ್ತರಕ್ಕೆ ಮ್ಯಾನೇಜ್‌ಮೆಂಟ್ ಬೇಗ ಕಿವಿಗೊಡುತ್ತದೆ.