ದೊಡ್ಡ ಹುಡುಗರು ಇಂಗ್ಲಿಷ್‌ನಲ್ಲಿ ಬಾಯೇ ಬಿಡಲ್ಲ, ಏನು ಮಾಡಲಿ?

ಬೆಟಗೇರಿ ಟ್ಯೂಷನ್:
ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಸಂಜೆ ಟ್ಯೂಷನ್ ಹೇಳುತ್ತೇನೆ. ಎಲ್ಲರೂ ಕನ್ನಡ ಮೀಡಿಯಂ. ಮೂರು-ನಾಲ್ಕನೇ ಕ್ಲಾಸಿನವರು ಒಂಬತ್ತು ಜನ, ಎಂಟು-ಒಂಬತ್ತರವರು ಆರು ಜನ, ಇರೋದು ಒಂದೇ ಪಡಸಾಲೆ. ಚಿಕ್ಕವರು ಏನು ಕೇಳಿದರೂ ಚೀರುತ್ತಾರೆ. ದೊಡ್ಡವರು ಗ್ರಾಮರ್ ಬರೆಯುತ್ತಾರೆ, ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಇಂಗ್ಲಿಷ್‌ನಲ್ಲಿ ಕೇಳಿದರೆ ನೆಲ ನೋಡುತ್ತಾ ಕೂರುತ್ತಾರೆ. ಮೊನ್ನೆ ಒಬ್ಬ ಧೈರ್ಯ ಮಾಡಿ 'ಐ ಡಿಡ್ ವೆಂಟ್' ಅಂದ. ನಾನು ತಿದ್ದಿದೆ, ಪಕ್ಕದವನು ನಕ್ಕ. ಅವತ್ತಿನಿಂದ ಅವನ ಬಾಯಲ್ಲಿ 'ಯಸ್ ಟೀಚರ್' ಒಂದೇ. ಯೂಟ್ಯೂಬಿನ ಆಟಗಳಿಗೆಲ್ಲ ಪ್ರೊಜೆಕ್ಟರ್ ಬೇಕು, ನನ್ನ ಹತ್ತಿರ ಇರೋದು ಕರಿಹಲಗೆ ಮತ್ತು ಒಂದು ಫೋನ್.

ಧಾರವಾಡ ಮಾಸ್ತರ್:
ಅಕ್ಕೋರೇ, ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿದರೆ ಅವರಾದರೂ ಯಾಕೆ ಮಾತಾಡಬೇಕು? ರನ್ನಿಂಗ್ ಡಿಕ್ಟೇಶನ್ ಮಾಡಿಸಿ. ಆರು ಸಾಲು ಬರೆದು ಹೊರಗಿನ ಗೋಡೆಗೆ ಅಂಟಿಸಿ. ಇಬ್ಬಿಬ್ಬರ ಜೋಡಿ. ಒಬ್ಬ ಓಡಿಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬ ಬರೆಯಬೇಕು. ಮರೆತರೆ ಮತ್ತೆ ಓಟ. ಅಲ್ಲಿಂದಲೇ ಕೂಗಿ ಹೇಳಿದರೆ ಔಟ್. ನಾನು ಹುಬ್ಬಳ್ಳಿ ರೈಲ್ವೆ ಪ್ಲಾಟ್‌ಫಾರ್ಮ್ ಬಗ್ಗೆ ಬರೆದು ಅಂಟಿಸಿದ್ದೆ, 1507 ಮೀಟರ್ ಉದ್ದ ಅಂತ. ಆ ಒಂದು ಅಂಕಿಯನ್ನು ಇಂಗ್ಲಿಷ್‌ನಲ್ಲಿ ಹೇಳೋಕೆ ಒಬ್ಬ ಮೂರು ಸಲ ಓಡಿದ, ಬರೆಯುವವನು 'ಸೇ ಇಟ್ ಅಗೇನ್' ಅಂತ ಸಿಟ್ಟಿನಲ್ಲೇ ಕೇಳಿದ. ಅಷ್ಟು ಸಹಜವಾದ ಇಂಗ್ಲಿಷ್ ನನ್ನ ಕ್ಲಾಸಿನಲ್ಲಿ ಅದೇ ಮೊದಲು.

ಮತ್ತೆ, 'ಡಿಡ್ ವೆಂಟ್' ಅಂದಾಗ ತಿದ್ದಬೇಡಿ. 'ಓ, ಯು ವೆಂಟ್? ವೇರ್?' ಅಂತ ಮಾತು ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ನಗೋಕೆ ಯಾರಿಗೂ ಸಮಯ ಸಿಗಲಿಲ್ಲ.

ಹಳೇ ಹುಬ್ಬಳ್ಳಿ:
ಚಿಕ್ಕವರನ್ನು ಕೂರಿಸಲೇಬೇಡಿ ರೀ. 'ಟಚ್ ದ ಡೋರ್', 'ವಾಕ್ ಲೈಕ್ ಎ ಬಫಲೋ' ಅಂತ ಹೇಳಿ, ಮಾಡಲಿ. ಜೇಮ್ಸ್ ಆಶರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ 1960ರ ದಶಕದಲ್ಲೇ ಇದನ್ನು ಒಂದು ಪದ್ಧತಿ ಮಾಡಿದ, ಮೊದಲು ಕೇಳಿ ಮೈಯಿಂದ ಮಾಡೋದು, ಮಾತು ಆಮೇಲೆ ತಾನಾಗಿ ಬರುತ್ತೆ ಅಂತ. ಆದರೆ ಆ ಆರ್ಡರ್ ನೀವು ಕೊಡಬೇಡಿ, ನಿಮ್ಮ ಎಂಟನೇ ಕ್ಲಾಸಿನವರು ಕೊಡಲಿ. ಚಿಕ್ಕವರ ಮುಂದೆ ಅವರಿಗೆ ನಾಚಿಕೆ ಇರಲ್ಲ, ಜೋರು ಮಾಡೋ ಖುಷಿ ಬೇರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಚೌಕ ಬರೆದು ಒಂದರಲ್ಲಿ ಕಿವಿ, ಇನ್ನೊಂದರಲ್ಲಿ ಕ್ಯಾಲೆಂಡರ್ ಚಿತ್ರ ಹಾಕಿ. 'ಇಯರ್' ಅಂದರೆ ಕಿವಿಗೆ ಹಾರಬೇಕು, 'ಯಿಯರ್' ಅಂದರೆ ಕ್ಯಾಲೆಂಡರಿಗೆ. ನಮ್ಮ ಬಾಯಲ್ಲಿ ಎಗ್ ಕೂಡ ಯೆಗ್ ಆಗುತ್ತಲ್ವಾ, ಹೇಳಿದವನ ತಪ್ಪು ಹಾರಿದವರ ಕಾಲಲ್ಲಿ ಗೊತ್ತಾಗುತ್ತೆ.

ಹಾವೇರಿ ಪಾಲಕ:
ಆಟ ಸರಿ, ನಾನು ಮಾತ್ರ ನೋಟ್‌ಬುಕ್ ನೋಡುವ ಪಾಲಕ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ 80 ಅಂಕದ ಪೇಪರ್, ಹಾರಿದ್ದಕ್ಕೆ ಯಾರೂ ಅಂಕ ಕೊಡಲ್ಲ. ಹಾಗಂತ ನನ್ನ ಮಗ ಕ್ರಿಕೆಟ್ ವಿಡಿಯೋ ಮ್ಯೂಟ್ ಮಾಡಿ ತಾನೇ ಕಾಮೆಂಟರಿ ಹೇಳೋಕೆ ಶುರು ಮಾಡಿದ ಮೇಲೆ, 'ಹಿ ಹಿಟ್ಸ್', 'ಹಿ ರನ್ಸ್' ಅಂತ ಆ ಕೊನೆಯ ಎಸ್ ಬಿಡೋದು ಕಡಿಮೆ ಆಗಿದೆ, ಅದನ್ನೂ ಹೇಳಬೇಕು.

ಬೆಟಗೇರಿ ಟ್ಯೂಷನ್:
ಎರಡು ವಾರ ಆಯ್ತು. ಓಟದ ಆಟಕ್ಕೆ ಕೆಳಗಿನ ಮನೆಯ ಅಜ್ಜಿ ಬೈದರು, ಈಗ ರನ್ನಿಂಗ್ ಇಲ್ಲ, ವಾಕಿಂಗ್ ಡಿಕ್ಟೇಶನ್. ಆ ಹುಡುಗ ನನ್ನ ಜೊತೆ ಇನ್ನೂ ಮಾತಾಡಲ್ಲ. ಚಿಕ್ಕವರಿಗೆ ಮಾತ್ರ ನಿನ್ನೆ 'ಡೋಂಟ್ ಸಿಟ್ ಆನ್ ಮೈ ಬ್ಯಾಗ್!' ಅಂತ ಗದರಿದ. ಅದು ಆಟದಲ್ಲಿ ಇರಲೇ ಇಲ್ಲ.